ಹುಲ್ಲು ಬಲ್ಲ ಕಾಲು

ಹುಲ್ಲಪ್ಪ ಹಗ್ಗ ಕಂಡರೆ ಹಾವೆನ್ನುವ ಪೈಕಿ. ಹಾವನ್ನೇ ಕಂಡಿದ್ದರೆ ಏನೆನ್ನುತ್ತಿದ್ದನೋ ಗೊತ್ತಿಲ್ಲ, ಯಾಕೆಂದರೆ ಟೆನಿಸ್ ಕ್ಲಬ್ಬಿನ ಹುಲ್ಲನ್ನು ಮೂವತ್ತೊಂದು ವರ್ಷ ನೋಡಿಕೊಂಡರೂ ಅವನಿಗೆ ಒಂದೇ ಒಂದು ಹಾವು ಎದುರಾಗಿರಲಿಲ್ಲ. ಹಗ್ಗಗಳು ಮಾತ್ರ ಬೇಕಾದಷ್ಟು ಎದುರಾಗಿದ್ದವು. ಹುಲ್ಲಪ್ಪ ಎಂಬುದು ಹುಟ್ಟಿದಾಗ ಇಟ್ಟ ಹೆಸರೂ ಅಲ್ಲ, ಕ್ಲಬ್ಬಿನ ಸದಸ್ಯರು ತಮಾಷೆಗೆ ಕರೆದು ರೂಢಿಯಾದದ್ದು. ಬೇಡ ಎಂದರೆ ಯಾರಾದರೂ ಬೇಜಾರು ಮಾಡಿಕೊಂಡಾರೆಂದು ಅವನು ಸುಮ್ಮನಿದ್ದುಬಿಟ್ಟ.

ಆ ಕ್ಲಬ್ಬಿಗೆ ನೂರಿಪ್ಪತ್ತೈದು ವರ್ಷ. ಒಂಬತ್ತು ಮಂದಿ ಗೆಳೆಯರು ಕುರಿ ಮೇಯುವ ಬಯಲೊಂದನ್ನು ಬಾಡಿಗೆಗೆ ಹಿಡಿದು, ಮೀನಿನ ಬಲೆಯನ್ನೇ ಅಡ್ಡ ಕಟ್ಟಿ ಆಟ ಶುರುಮಾಡಿದ್ದರಂತೆ. ಹುಲ್ಲು ಕತ್ತರಿಸುವ ಯಂತ್ರ ಬರುವವರೆಗೆ ಆ ಕೆಲಸವನ್ನೂ ಕುರಿಗಳೇ ಮಾಡುತ್ತಿದ್ದವು. ಆಟಕ್ಕೆ ಮೊದಲು ಒಬ್ಬ ಪೊರಕೆ ಹಿಡಿದು ಹಿಕ್ಕೆ ಗುಡಿಸುತ್ತಿದ್ದ. ಆ ಪೊರಕೆಯವನೇ ಹುಲ್ಲಪ್ಪನ ಹುದ್ದೆಯ ಮೂಲಪುರುಷ. ಮುಂದೆ ಹನ್ನೆರಡು ಕೋರ್ಟುಗಳಾದವು. ನಡುವೆ ಯುದ್ಧವೊಂದು ಬಂದು ಸೈನ್ಯದ ಲಾರಿಗಳು ಅವುಗಳ ಮೇಲೆ ಬೀಡುಬಿಟ್ಟವು. ಲಾರಿಗಳು ಹೊರಟಾಗ ಉಳಿದದ್ದು ಆರು. ಆಮೇಲೆ ಎರಡರ ಮೇಲೆ ಬ್ಯಾಡ್ಮಿಂಟನ್ ಹಾಲ್ ಎದ್ದಿತು. ಈಗ ನಾಲ್ಕೇ ನಾಲ್ಕು. ಅದರಲ್ಲಿ ಒಂದನೇ ಕೋರ್ಟಿನ ಮಣ್ಣು ಮಾತ್ರ ಆ ಒಂಬತ್ತು ಮಂದಿ ಹೊಳೆದಂಡೆಯಿಂದ ಗಾಡಿಯಲ್ಲಿ ತರಿಸಿದ್ದು. ಅದರ ಮೇಲೆ ಲಾರಿ ನಿಲ್ಲಿಸಲು ಆಗಿನ ಮಾಲಿ ಬಿಟ್ಟಿರಲಿಲ್ಲ, ಚಕ್ರದ ಮುಂದೆ ಮಲಗಿಬಿಟ್ಟಿದ್ದನಂತೆ. ಈ ಕಥೆ ಕೇಳಿದಾಗಲೆಲ್ಲ ಹುಲ್ಲಪ್ಪನಿಗೆ ಬೆವರು ಬರುತ್ತಿತ್ತು. ಇನ್ನೊಂದು ಯುದ್ಧ ಬಂದರೆ ತಾನು ಮಲಗಬೇಕಾಗುತ್ತದಲ್ಲ!

ಕ್ಲಬ್ಬಿನಲ್ಲಿ ಅವನು ಹೆದರದ ಕಟ್ಟಡ ಅಪರೂಪ. ಎರಡು ಸ್ಕ್ವಾಷ್ ಕೋರ್ಟುಗಳಿದ್ದವು, ಕಿಟಕಿಯಿಲ್ಲದವು. ಒಳಗೆ ಚೆಂಡು ಗೋಡೆಗೆ ಬಡಿದಾಗಲೆಲ್ಲ ಹೊರಗೆ ಇವನು ಬೆಚ್ಚಿಬೀಳುತ್ತಿದ್ದ. ಬ್ಯಾಡ್ಮಿಂಟನ್ ಹಾಲಿನ ಮರದ ನೆಲದ ಮೇಲೆ ತನ್ನ ಮಣ್ಣುಕಾಲಿನ ಗುರುತು ಮೂಡೀತೆಂದು ಬಾಗಿಲಲ್ಲೇ ನಿಂತು ಮಾತು ಮುಗಿಸುತ್ತಿದ್ದ. ನೆಲಮಾಳಿಗೆಯ ಟೇಬಲ್ ಟೆನಿಸ್ ಕೋಣೆಗೆ ಇಳಿಯುವ ಮೆಟ್ಟಿಲು ಕಡಿದು. ಬೆಳ್ಳಿ ಕಪ್ಪುಗಳನ್ನೂ, ಗೆದ್ದವರ ಹೆಸರನ್ನು ಚಿನ್ನದ ಬಣ್ಣದಲ್ಲಿ ಬರೆದ ಹಲಗೆಗಳನ್ನೂ ಇಟ್ಟ ಕೋಣೆಗೆ ಇಷ್ಟು ವರ್ಷದಲ್ಲಿ ಎರಡೇ ಸಲ ಹೋಗಿದ್ದ, ಎರಡು ಸಲವೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು. ನಿರಾಳವಾಗಿ ಉಸಿರಾಡುತ್ತಿದ್ದದ್ದು ಎರಡು ಕಡೆ: ಹುಲ್ಲಿನ ಮೇಲೆ ಮತ್ತು ಹೆಂಡತಿಯ ಕೋಣೆಯಲ್ಲಿ. ಹೆಂಡತಿ ಕ್ಲಬ್ಬಿನ ಅತಿ ಹಳೆಯ ಕಟ್ಟಡದಲ್ಲಿ ಕೂತು ರ‍್ಯಾಕೆಟ್ಟುಗಳಿಗೆ ತಂತಿ ಬಿಗಿಯುತ್ತಿದ್ದಳು. ಗೋಡೆಗೆ ಚೆಂಡು ಹೊಡೆಯುವ ಯಾವುದೋ ಆಟಕ್ಕೆಂದು ಸ್ಥಾಪಕರು ಕಟ್ಟಿಸಿದ ಕಟ್ಟಡ ಅದು. ಆ ಆಟ ಬಲ್ಲವರು ಈಗ ಒಬ್ಬರೂ ಇಲ್ಲ, ಗೋಡೆಯ ಮೇಲೆ ಚೆಂಡಿನ ಕಪ್ಪು ಕಲೆಗಳಷ್ಟೇ ಉಳಿದಿದ್ದವು.

ಹುಲ್ಲಪ್ಪ ಹತ್ತೊಂಬತ್ತನೇ ವಯಸ್ಸಿಗೆ ಇಲ್ಲಿಗೆ ಬಂದದ್ದು ಕಬ್ಬಿಣದ ರೋಲರ್ ಎಳೆಯಲು. ಆಗ ಕೋರ್ಟುಗಳ ಯಜಮಾನಿಕೆ ಒಣಕಲು ಹಿರಿಯರೊಬ್ಬರ ಕೈಯಲ್ಲಿತ್ತು. ಮುಂದೆ ಅವರ ಮಗಳನ್ನೇ ಮದುವೆಯಾದ. ಜೀವನದಲ್ಲಿ ಅವನು ಮಾಡಿದ ಒಂದೇ ಧೈರ್ಯದ ಕೆಲಸ ಅದು. ಅದೂ ಮದುವೆಯ ಮಾತನ್ನು ಮೊದಲು ಎತ್ತಿದವಳು ಅವಳೇ. ಮಾವ ಕೋರ್ಟಿನ ಮೇಲೆ ಅವನನ್ನು ಏಕವಚನದಲ್ಲಿ ಗದರುತ್ತಿದ್ದರು, ಮನೆಯೊಳಗೆ ಬಂದ ಕೂಡಲೇ ‘ಅಳಿಯಂದ್ರು’ ಎಂದು ಬಹುವಚನ ಕೊಡುತ್ತಿದ್ದರು. ಹುಲ್ಲಪ್ಪ ಎರಡು ವಚನಕ್ಕೂ ಸಮನಾಗಿ ಹೆದರುತ್ತಿದ್ದ.

ಮಾವ ಕಲಿಸಿದ ವಿದ್ಯೆಯೆಲ್ಲ ಅಂಗಾಲಿನದು. “ಹುಲ್ಲನ್ನ ಕಣ್ಣಿಂದ ನೋಡ್ಬೇಡ. ಕಣ್ಣಿಗೆ ಗೊತ್ತಾಗೋ ಹೊತ್ತಿಗೆ ತಡವಾಗಿರುತ್ತೆ. ಚಪ್ಪಲಿ ಬಿಟ್ಟು ನಡಿ,” ಅನ್ನುತ್ತಿದ್ದರು. ನೀರು ಸಾಲದ ಹುಲ್ಲು ಹೇಗೆ ಚುಚ್ಚುತ್ತದೆ, ನೀರು ಹೆಚ್ಚಾದದ್ದು ಹೇಗೆ ಕಾಲಿಗೆ ಮೆತ್ತಿಕೊಳ್ಳುತ್ತದೆ, ಬೇರಿಗೆ ಹುಳು ಬಿದ್ದದ್ದು ಹೇಗೆ ಕಾಲಡಿ ಜರುಗುತ್ತದೆ, ಎಲ್ಲ ಅವರ ಅಂಗಾಲಿಗೆ ಬಾಯಿಪಾಠ. ನಿವೃತ್ತರಾದಾಗ ಕ್ಲಬ್ಬಿನವರು ಏನು ಬೇಕೆಂದು ಕೇಳಿದರು. ಬೇರೆಯವರಾಗಿದ್ದರೆ ಗೋಡೆ ಗಡಿಯಾರ ಕೇಳುತ್ತಿದ್ದರು. ಇವರು, ಬದುಕಿರುವಷ್ಟು ದಿನ ಬೆಳಿಗ್ಗೆ ಆರು ಗಂಟೆಗೆ ಒಂದನೇ ಕೋರ್ಟಿನ ಮೇಲೆ ಬರಿಗಾಲಲ್ಲಿ ಒಂದು ಸುತ್ತು ಬರಲು ಅಪ್ಪಣೆ ಕೇಳಿದರು. ಈಗ ಎಂಬತ್ತೆರಡು. ಕಣ್ಣಿಗೆ ಬೆಳಕು ನೆರಳು ಬಿಟ್ಟರೆ ಏನೂ ಕಾಣದು. ಸಕ್ಕರೆ ಕಾಯಿಲೆ ಬೇರೆ. ಅದೇ ಕಾಯಿಲೆಯಲ್ಲಿ ಅವರ ಅಣ್ಣನಿಗೆ ಮೊದಲು ಪಾದದ ಅರಿವು ಹೋಯಿತು, ಮೊಳೆ ತುಳಿದದ್ದು ಗೊತ್ತಾಗಲಿಲ್ಲ, ಕಾಲು ತೆಗೆದರು, ವರ್ಷದೊಳಗೆ ಅಣ್ಣನೂ ಇಲ್ಲವಾದ. ಅದಕ್ಕೇ ಡಾಕ್ಟರು ಮಾವನಿಗೆ ಬರಿಗಾಲಲ್ಲಿ ತಿರುಗಬೇಡಿ ಅಂದಿದ್ದರು. ಮಾವ ಒಂದನೇ ಕೋರ್ಟು ಬಿಟ್ಟು ಉಳಿದೆಲ್ಲ ಕಡೆ ಚಪ್ಪಲಿ ಹಾಕಿಕೊಂಡು ಡಾಕ್ಟರ ಮಾತಿಗೆ ಮರ್ಯಾದೆ ಕೊಟ್ಟಿದ್ದರು.

ನೂರಿಪ್ಪತ್ತೈದನೇ ವರ್ಷದ ದೊಡ್ಡ ಪಂದ್ಯ ಒಂದನೇ ಕೋರ್ಟಿನಲ್ಲಿ ಎಂದು ನಿಶ್ಚಯವಾಗಿತ್ತು. ಹೊಸ ಕಾರ್ಯದರ್ಶಿ ಹುಲ್ಲಪ್ಪನನ್ನು ಕರೆಸಿದರು. ಅವರ ಮೇಜಿನ ಮೇಲೆ ಅಂಗೈಯಗಲದ ಹಸಿರು ತುಂಡೊಂದಿತ್ತು, ಪ್ಲಾಸ್ಟಿಕ್ ಹುಲ್ಲು. ಕಾಗದ ಹಾರದಂತೆ ಅದನ್ನೇ ಮೇಲಿಟ್ಟಿದ್ದರು.

“ಮುಟ್ಟಿ ನೋಡಿ,” ಅಂದರು.

ಹುಲ್ಲಪ್ಪ ಒಂದು ಬೆರಳಿಂದ ಮುಟ್ಟಿದ.

“ಇದಕ್ಕೆ ನೀರು ಬೇಡ, ಗೊಬ್ಬರ ಬೇಡ. ಸಮಿತಿಯಲ್ಲಿ ಅರ್ಧ ಜನಕ್ಕೆ ಇದೇ ಬೇಕು. ಉಳಿದ ಅರ್ಧ ಜನ ನಿಮ್ಮ ಹುಲ್ಲನ್ನ ನಂಬ್ಕೊಂಡಿದ್ದಾರೆ. ಆ ಭಾನುವಾರ ಒಂದನೇ ಕೋರ್ಟು ಹಸಿರಾಗಿ ಕಾಣ್ಲಿಲ್ಲ ಅಂದ್ರೆ ನಾನೂ ಏನೂ ಮಾಡೋಕಾಗಲ್ಲ. ನಾಲ್ಕೂ ಕೋರ್ಟಿಗೆ ಇದೇ ಬರುತ್ತೆ. ಇದನ್ನ ನೋಡ್ಕೊಳ್ಳೋಕೆ ಮಾಲಿ ಬೇಕಾಗಲ್ಲ, ಅಲ್ವಾ?”

ಮಾಲಿ ಬೇಡವೆಂದ ಮೇಲೆ ಮಾಲಿಯ ಮನೆಯೂ ಇಲ್ಲ. ನಾಲ್ಕನೇ ಕೋರ್ಟಿನ ಹಿಂದಿದ್ದ ಎರಡು ಕೋಣೆಯ ಆ ಮನೆಯಲ್ಲಿ ಹೆಂಡತಿ ಹುಟ್ಟಿದ್ದಳು, ಮಾವನಿಗೆ ಅದರ ಹೊಸಿಲು ಹೊಸಿಲೂ ಕಣ್ಣಿಲ್ಲದೆ ಗೊತ್ತಿತ್ತು.

ಹೆದರುವವರ ಮೇಲೆ ಕಪ್ಪೆ ಎಸೆದರಂತೆ. ಕಪ್ಪೆ ಬಂದು ಬಿದ್ದದ್ದು ಪಂದ್ಯಕ್ಕೆ ಹದಿಮೂರು ದಿನ ಇರುವಾಗ, ಸೋಮವಾರ ಬೆಳಿಗ್ಗೆ.

ಹುಲ್ಲಪ್ಪನ ಶೆಡ್ಡಿನಲ್ಲಿ ಬೆನ್ನಿಗೆ ಹಾಕಿಕೊಂಡು ಸಿಂಪಡಿಸುವ ಎರಡು ನೀಲಿ ಕ್ಯಾನುಗಳಿದ್ದವು. ಒಂದು ಹುಲ್ಲಿನ ಟಾನಿಕ್ಕಿಗೆ. ಇನ್ನೊಂದು, ಇಟ್ಟಿಗೆ ದಾರಿಯ ಸಂದಿಯಲ್ಲಿ ಬೆಳೆಯುವ ಕಳೆ ಕೊಲ್ಲುವ ವಿಷಕ್ಕೆ. ಅಂಟಿಸಿದ ಚೀಟಿ ನೀರಿಗೆ ನಿಲ್ಲುವುದಿಲ್ಲವೆಂದು ಮಾವ ಎಂದೋ ಒಂದು ಕಟ್ಟಳೆ ಮಾಡಿದ್ದರು: ಟಾನಿಕ್ಕಿನ ಕ್ಯಾನು ಬಾಗಿಲಿಗೆ ಮುಖ ಮಾಡಿರಬೇಕು, ವಿಷದ ಕ್ಯಾನು ಗೋಡೆಗೆ ಮುಖ ಮಾಡಿರಬೇಕು, ಶಾಲೆಯಲ್ಲಿ ತಪ್ಪು ಮಾಡಿದ ಮಕ್ಕಳನ್ನು ನಿಲ್ಲಿಸುವ ಹಾಗೆ. ಮೂವತ್ತು ವರ್ಷ ಈ ಕಟ್ಟಳೆ ತಪ್ಪಿರಲಿಲ್ಲ. ತಪ್ಪಿಸಿದವರು ಕಟ್ಟಡಕ್ಕೆ ಬಣ್ಣ ಬಳಿಯಲು ಬಂದವರು. ಏಣಿ ಇಡಲು ಜಾಗ ಮಾಡುವ ನೆಪದಲ್ಲಿ ಭಾನುವಾರ ಇಡೀ ಶೆಡ್ಡನ್ನು ಗುಡಿಸಿ ಒರೆಸಿ ಎಲ್ಲವನ್ನೂ ಸಾಲಾಗಿ ಬಾಗಿಲ ಕಡೆ ತಿರುಗಿಸಿ ಇಟ್ಟಿದ್ದರು.

ಹುಲ್ಲಪ್ಪ ಕೈಗೆ ಸಿಕ್ಕ ಮೊದಲ ಕ್ಯಾನು ಎತ್ತಿದ. ಬಾಗಿಲಿಗೆ ಮುಖ ಇತ್ತಲ್ಲ, ಇನ್ನೇನು ನೋಡುವುದು? ಅಡಿಯಲ್ಲಿ ಸ್ವಲ್ಪ ಕುಲುಕಿತು. ಶನಿವಾರ ಉಳಿದದ್ದಿರಬೇಕು ಅಂದುಕೊಂಡು ಅದರ ಮೇಲೆಯೇ ಟಾನಿಕ್ ಸುರಿದು, ನೀರು ತುಂಬಿ, ಒಂದನೇ ಕೋರ್ಟಿಗೆ ಹೋದ. ಕೋರ್ಟಿನ ತುದಿಯ ಗೆರೆಯಾದ ಬೇಸ್‌ಲೈನಿಂದ ಶುರುಮಾಡಿದ, ಬಲೆಗೆ ಅರ್ಧ ದಾರಿಯಲ್ಲಿರುವ ಸರ್ವಿಸ್ ಲೈನಿಗೆ ಬರುವಷ್ಟರಲ್ಲಿ ಕ್ಯಾನು ಖಾಲಿಯಾಯಿತು. ಮತ್ತೆ ತುಂಬಿಸಿಕೊಳ್ಳಲು ಶೆಡ್ಡಿಗೆ ಬಂದಾಗ ಏಣಿಯ ಪಕ್ಕದಲ್ಲಿ ಇನ್ನೊಂದು ನೀಲಿ ಕ್ಯಾನು ಅವನನ್ನೇ ನೋಡುತ್ತ ನಿಂತಿತ್ತು. ಅದರ ಮುಚ್ಚಳ ತೆಗೆದು ಮೂಸಿದ. ತುಕ್ಕು ಹಿಡಿದ ಕಬ್ಬಿಣದ ವಾಸನೆ, ಟಾನಿಕ್ಕಿನದು.

ಹಾಗಾದರೆ ಬೆನ್ನ ಮೇಲಿರುವುದು ಯಾವುದು? ಅಡಿಯಲ್ಲಿ ಕುಲುಕಿದ್ದು ಒಂದು ಲೋಟದಷ್ಟೇ, ಒಂದು ಚೊಂಬಿನಷ್ಟೇ? ಲೋಟದಷ್ಟಾದರೆ ಹುಲ್ಲು ತಡೆದೀತು. ಚೊಂಬಿನಷ್ಟಾದರೆ ಸಾಯುತ್ತದೆ. ಸತ್ತದ್ದು ಕಣ್ಣಿಗೆ ಕಾಣಲು ವಾರ ಬೇಕು.

“ಅಣ್ಣಾ, ನಿಮ್ಮ ಶೆಡ್ಡು ಏನು ಗಲೀಜಾಗಿತ್ತು ಮಾರಾಯ್ರೇ!” ಬಣ್ಣದವನೊಬ್ಬ ಹೊರಗಿನ ಗೋಡೆಯ ಏಣಿಯ ಮೇಲಿಂದ ಕೂಗಿದ. “ಎಲ್ಲಾ ನೀಟಾಗಿ ಜೋಡಿಸಿಟ್ಟಿದೀವಿ. ಟೀ ಕೊಡಿಸ್ಬೇಕು ನೀವು.”

ಹುಲ್ಲಪ್ಪ ಪೈಪ್ ಎಳೆದು ತಂದು ಎರಡು ಗಂಟೆ ಕಾಲ ಕೋರ್ಟಿಗೆ ನೀರು ಬಿಟ್ಟ. ಆ ನೀರು ವಿಷವನ್ನು ತೊಳೆಯಿತೋ, ಇನ್ನಷ್ಟು ದೂರ ಹರಡಿತೋ ದೇವರೇ ಬಲ್ಲ. ಬಾಯಿ ಬಿಟ್ಟು ಹೇಳಬೇಕಾದದ್ದು ಅವತ್ತೇ. ಕಾರ್ಯದರ್ಶಿಯ ಕೋಣೆಯ ತನಕ ಹೋದ ಕೂಡ. ಬಾಗಿಲ ಸಂದಿಯಿಂದ ಆ ಪ್ಲಾಸ್ಟಿಕ್ ತುಂಡು ಕಂಡಿತು. ಕಾಲು ತಾನಾಗಿ ಹಿಂದಕ್ಕೆ ತಿರುಗಿತು.

ಅಲ್ಲಿಂದಾಚೆಗಿನ ದಿನಗಳು ಬಿಸಿ ತುಪ್ಪದಂಥವು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ದಿನಕ್ಕೆ ಇಪ್ಪತ್ತು ಸಲ ಕೋರ್ಟಿನ ಬಳಿ ಹೋಗಿ ಮೊಣಕಾಲೂರಿ ಹುಲ್ಲಿನ ಬುಡ ಬಿಡಿಸಿ ನೋಡುತ್ತಿದ್ದ. ಹಸಿರಾಗಿಯೇ ಇತ್ತು. ಹಸಿರಾಗಿದ್ದಷ್ಟೂ ಭಯ ಹೆಚ್ಚುತ್ತಿತ್ತು. ವಿಷ ತುಂಬಿದ ಹುಲ್ಲಿನ ಮೇಲೆ ಮಾವ ಬರಿಗಾಲಿಟ್ಟಾರೆಂದು ಮೂರು ದಿನ ನೆಪ ಹೇಳಿದ: ನೀರು ನಿಂತಿದೆ ಮಾವ, ಜಾರುತ್ತೆ, ಬಣ್ಣದವರು ಓಡಾಡ್ತಿದ್ದಾರೆ ಮಾವ, ಡಿಕ್ಕಿ ಹೊಡೀತಾರೆ. ಗುರುವಾರ ಕಾರ್ಯದರ್ಶಿ ನಾಲ್ಕಾರು ಅತಿಥಿಗಳನ್ನು ಕರೆತಂದು ಕ್ಲಬ್ಬಿನ ಚರಿತ್ರೆ ಒಪ್ಪಿಸುತ್ತಿದ್ದರು. ಇದು ಮೂಲ ಕಟ್ಟಡ, ಇದು ಸ್ಕ್ವಾಷ್, ಇದು ಲಾರಿಗೆ ಅಡ್ಡ ಮಲಗಿದ ಮಾಲಿ ಕಾಪಾಡಿದ ಕೋರ್ಟು. ಅತಿಥಿಯೊಬ್ಬರು ಬೇಸ್‌ಲೈನಿನ ಕಡೆ ಕೈ ತೋರಿಸಿ, “ಅಲ್ಲಿ ಯಾಕೆ ಬಣ್ಣ ಸ್ವಲ್ಪ ಬೇರೆ?” ಅಂದರು. ಅವರು ತೋರಿಸಿದ್ದು ಕಟ್ಟಡದ ನೆರಳನ್ನು. ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಹುಲ್ಲಪ್ಪ ಬೇಲಿಯ ಹಿಂದಿನಿಂದ, “ನೆರಳು! ನೆರಳು ಸ್ವಾಮೀ, ನೆರಳು!” ಎಂದು ಮೂರು ಸಲ ಕೂಗಿದ. ಅತಿಥಿಗಳು ನಕ್ಕರು. ಅವನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

ಶುಕ್ರವಾರ ಮಾವ ಯಾವ ನೆಪವನ್ನೂ ಕೇಳಲಿಲ್ಲ. ಆರು ಗಂಟೆಗೆ ಬಲೆಯ ಕಂಬದ ಬಳಿ ಚಪ್ಪಲಿ ಬಿಟ್ಟು ನಡೆಯತೊಡಗಿದರು. ಹುಲ್ಲಪ್ಪ ಎರಡು ಹೆಜ್ಜೆ ಹಿಂದೆ, ಉಸಿರು ಹಿಡಿದು. ಆ ಬದಿ ಪೂರ್ತಿ ಮುಗಿಯಿತು. ಬಲೆ ದಾಟಿ ಈ ಬದಿಗೆ ಬಂದರು. ಸರ್ವಿಸ್ ಲೈನ್ ಬಿಟ್ಟು ಮೂರ್ನಾಲ್ಕು ಹೆಜ್ಜೆ ಇಟ್ಟು ನಿಂತುಬಿಟ್ಟರು. ಬಲಗಾಲು ಎತ್ತಿ ಮತ್ತೆ ಇಟ್ಟರು. ಎಡಗಾಲು ಎತ್ತಿ ಇಟ್ಟರು.

“ಇಲ್ಲೇನಾಗಿದೆಯೋ?”

“ಎಲ್ಲಿ ಮಾವ?”

“ಇಲ್ಲೇ. ಕಾಲಿಗೆ ಒರಟಾಗ್ತಿದೆ. ಜೀವ ಇಲ್ಲದ ಹಾಗಿದೆ.”

ಹುಲ್ಲಪ್ಪ ಬಗ್ಗಿ ನೋಡಿದ. ಅವನ ಕಣ್ಣಿಗೆ ಅಚ್ಚ ಹಸಿರು. ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡ. “ಇಲ್ಲ ಮಾವ, ಹಸಿರಾಗಿದೆ.”

“ಸರಿಯಾಗಿ ನೋಡು.”

“ನೋಡ್ತಿದೀನಿ ಮಾವ. ಒಳ್ಳೆ ಹಸಿರಾಗಿದೆ. ಏನೂ ಆಗಿಲ್ಲ.”

ಮಾವ ಬಲಗಾಲಿನ ಬೆರಳುಗಳನ್ನು ಹುಲ್ಲಿಗೆ ಇನ್ನೊಮ್ಮೆ ಒತ್ತಿದರು. ಆಮೇಲೆ, “ಹಾಗಾ?” ಅಂದರು. ಸುತ್ತು ಮುಗಿಸಲಿಲ್ಲ. ಕೈ ಚಾಚಿ ಚಪ್ಪಲಿ ಕೇಳಿದರು. ಅಲ್ಲಿಂದ ಮನೆಗೆ, ಇಷ್ಟು ವರ್ಷ ಒಬ್ಬರೇ ನಡೆದ ದಾರಿಯಲ್ಲಿ, ಅಳಿಯನ ತೋಳು ಹಿಡಿದುಕೊಂಡು ಹೋದರು. ಬದುಕಿಕೊಂಡೆ ಅಂದುಕೊಂಡ ಹುಲ್ಲಪ್ಪ. ಇಂಥ ಹೆದರುಪುಕ್ಕಲರಿಗೆ ತಮ್ಮ ಚರ್ಮ ಉಳಿದರೆ ಸಾಕು, ಪಕ್ಕದವರದ್ದು ಸುಲಿದುಹೋಗುತ್ತಿದ್ದರೂ ಕಾಣುವುದಿಲ್ಲ.

ಕಂಡದ್ದು ಹೆಂಡತಿಗೆ. ಭಾನುವಾರ ಮಧ್ಯಾಹ್ನ ಅವಳು ಅವನನ್ನು ತನ್ನ ಕೋಣೆಗೆ ಕರೆದು ಬಾಗಿಲು ಮುಂದೆ ಮಾಡಿದಳು. ಅರ್ಧ ಬಿಗಿದ ರ‍್ಯಾಕೆಟ್ಟು ಯಂತ್ರದ ಮೇಲೆ ಹಾಗೇ ಇತ್ತು.

“ರೀ, ಅಪ್ಪಂಗೆ ಏನೋ ಆಗಿದೆ. ಮೊನ್ನೆಯಿಂದ ಗುಂಡುಸೂಜಿ ಹಿಡ್ಕೊಂಡು ಅಂಗಾಲಿಗೆ ಚುಚ್ಕೊಳ್ತಿದಾರೆ. ನಿನ್ನೆ ಬಿಸಿನೀರಿಗೆ ಕಾಲಿಟ್ಟು ನೋಡ್ಕೊಂಡ್ರು, ಕೆಂಪಗಾಗಿದೆ. ಯಾಕಪ್ಪಾ ಅಂದ್ರೆ, ಹೀಗಂತಾರೆ: ‘ಸೂಜಿ ಗೊತ್ತಾಗುತ್ತೆ, ಬಿಸಿ ಗೊತ್ತಾಗುತ್ತೆ, ಹುಲ್ಲು ಗೊತ್ತಾಗ್ತಿಲ್ಲ. ಅಣ್ಣಂಗೂ ಹೀಗೇ ಶುರುವಾಗಿರ್ಬೇಕು.’” ಅವಳು ಸಡಿಲವಿದ್ದ ತಂತಿಯೊಂದನ್ನು ಎಳೆದು ಬಿಟ್ಟಳು. “ರಾತ್ರಿಯೆಲ್ಲ ನಿದ್ದೆ ಇಲ್ಲ ಅವರಿಗೆ. ಅಪ್ಪ ಹೆದರಿದ್ದನ್ನ ನಾನು ಈ ಜನ್ಮದಲ್ಲಿ ನೋಡಿರಲಿಲ್ಲ. ಕೋರ್ಟಲ್ಲಿ ಬಿದ್ದುಗಿದ್ದು ಮಾಡ್ಕೊಂಡ್ರಾ?”

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಕಾಯಿಲೆ ಹುಲ್ಲಿಗೆ, ಸೂಜಿ ಮಾವನ ಕಾಲಿಗೆ. ಹುಲ್ಲಪ್ಪನಿಗೆ ಎಲ್ಲ ಅರ್ಥವಾಯಿತು. ಈಗ ಬಾಯಿ ಬಿಡಬೇಕು ಎಂದೂ ಅರ್ಥವಾಯಿತು. ಬಾಯಿ ತೆರೆದ. “ಇಲ್ಲ, ಬಿದ್ದಿಲ್ಲ,” ಎಂದಷ್ಟೇ ಬಂತು. ತನ್ನ ಬಗ್ಗೆ ಅವನಿಗೆ ಅಸಹ್ಯವಾಯಿತು. ಆದರೂ ಅಸಹ್ಯಕ್ಕಿಂತ ಹೆದರಿಕೆಯೇ ಒಂದು ಕೈ ಮೇಲಿತ್ತು. ಅಲ್ಲಿಂದ ನೇರ ಕೋರ್ಟಿಗೆ ಹೋಗಿ ಬಗ್ಗಿ ನೋಡಿದ. ಬೇಸ್‌ಲೈನಿನ ಎಡಮೂಲೆಯಲ್ಲಿ ಹುಲ್ಲಿನ ತುದಿಗಳು ಒಣಹುಲ್ಲಿನ ಬಣ್ಣಕ್ಕೆ ತಿರುಗಿದ್ದವು. ಮಾವ ನಿಂತದ್ದು ಅದರಿಂದ ಕೆಲವು ಹೆಜ್ಜೆ ಈಚೆಗೆ, ಸರ್ವಿಸ್ ಲೈನಿನ ಹತ್ತಿರ. ಅಲ್ಲಿ ಮಾತ್ರ ಈಗಲೂ ಹಸಿರೇ ಇತ್ತು. ಆ ಕಾಲಿಗೆ ಎರಡು ದಿನ ಮೊದಲೇ ಗೊತ್ತಾದದ್ದು ಇವನ ಕಣ್ಣಿಗೆ ಇವತ್ತಿಗೂ ಪೂರ್ತಿ ಗೊತ್ತಾಗಿರಲಿಲ್ಲ.

ಸೋಮವಾರ ಬೆಳಿಗ್ಗೆ ಆರಾಯಿತು, ಆರೂವರೆಯಾಯಿತು. ಮಾವ ಹಾಸಿಗೆಯ ಅಂಚಿನಲ್ಲಿ ಕೂತೇ ಇದ್ದರು. ಕಾಲಿಗೆ ಕಾಲುಚೀಲ, ಅದರ ಮೇಲೆ ಬೂಟು. ಮನೆಯೊಳಗೆ ಅವರು ಬೂಟು ಹಾಕಿದ್ದನ್ನು ಯಾರೂ ಕಂಡಿರಲಿಲ್ಲ.

“ಬನ್ನಿ ಅಳಿಯಂದ್ರೇ, ಕೂತ್ಕೊಳ್ಳಿ,” ಅಂದರು. ದನಿ ಇಳಿದುಹೋಗಿತ್ತು. “ನಾನು ಇನ್ಮೇಲೆ ಕೋರ್ಟಿಗೆ ಬರಲ್ಲ. ಡಾಕ್ಟರ ಹತ್ರ ಹೋಗೋಕೂ ಧೈರ್ಯ ಸಾಲ್ತಿಲ್ಲ, ಎಲ್ಲಿ ಕಾಲು ತೆಗೀಬೇಕು ಅಂತಾರೋ ಅಂತ. ಅದಿರ್ಲಿ. ನಿಮಗೊಂದು ಮಾತು ಹೇಳ್ಬೇಕಿತ್ತು. ಹೋದ ವರ್ಷ ಎರಡನೇ ಕೋರ್ಟಿಗೆ ಮಣ್ಣು ಬದಲಾಯಿಸಿ ಅಂದೆನಲ್ಲ, ನೀವು ಪಾಪ ಬೇಸಿಗೆಯೆಲ್ಲ ಅಗೆದ್ರಿ. ಅದೂ ತಪ್ಪಿರಬಹುದು. ಈ ಕಾಲು ಯಾವಾಗಿಂದ ಸುಳ್ಳು ಹೇಳ್ತಿದೆಯೋ ಏನೋ. ನಾನು ಹೇಳ್ಕೊಟ್ಟಿದ್ದನ್ನೆಲ್ಲ ನೀವು ಇನ್ನೊಂದು ಸಲ ಪರೀಕ್ಷೆ ಮಾಡಿ ನೋಡಿ. ಯಾವುದನ್ನೂ ಹಾಗೇ ನಂಬಬೇಡಿ.”

ಲಾರಿಗೆ ಅಡ್ಡ ಮಲಗಿದವನ ಎದೆಯಲ್ಲಿ ಏನಿತ್ತೋ ಹುಲ್ಲಪ್ಪನಿಗೆ ಎಂದೂ ತಿಳಿದಿರಲಿಲ್ಲ. ಈಗಲೂ ತಿಳಿಯಲಿಲ್ಲ. ಅವನ ಹೆದರಿಕೆ ಒಂದು ಕಾಳಷ್ಟೂ ಕಡಿಮೆಯಾಗಿರಲಿಲ್ಲ. ಆದರೆ ಆ ಬೂಟುಗಳನ್ನು ನೋಡುತ್ತ ಕೂರಲು ಅವನಿಂದ ಆಗಲಿಲ್ಲ.

“ಮಾವ, ನಿಮ್ಮ ಕಾಲು ಸರಿ ಇದೆ,” ಅಂದ. “ಹುಲ್ಲು ಸತ್ತಿದೆ. ನಾನೇ ಕೊಂದೆ.”

ಹೇಳಿದ, ಬಣ್ಣದವರಿಂದ ಹಿಡಿದು ಎಲ್ಲವನ್ನೂ. ಬಾಗಿಲಲ್ಲಿ ಹೆಂಡತಿ ಬಂದು ನಿಂತದ್ದು ಗೊತ್ತಾದರೂ ನಿಲ್ಲಿಸಲಿಲ್ಲ, ನಿಲ್ಲಿಸಿದರೆ ಮತ್ತೆ ಶುರುಮಾಡಲಾರೆ ಎಂಬುದು ಅವನಿಗೆ ಗೊತ್ತಿತ್ತು.

“ಸರ್ವಿಸ್ ಲೈನ್ ದಾಟಿ ನಾಲ್ಕನೇ ಹೆಜ್ಜೆಗೆ,” ಅಂದರು ಕೊನೆಗೆ. “ಎಡಗಡೆ ಜಾಸ್ತಿ. ಅಲ್ವಾ?”

“ಹೌದು ಮಾವ. ಎಡಗಡೆಯೇ ಶುರುಮಾಡಿದ್ದು.”

ಮಾವನ ಮುಖ ಅರಳಿತು. ಬಗ್ಗಿ ಬೂಟು ಕಿತ್ತೆಸೆದರು, ಕಾಲುಚೀಲ ಎಳೆದು ಬಿಸಾಡಿದರು, ಎರಡೂ ಪಾದಗಳನ್ನು ಕೈಯಲ್ಲಿ ಹಿಡಿದು ಮಗುವನ್ನು ಸವರಿದ ಹಾಗೆ ಸವರಿದರು. ನಗು ಬಂತು, ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು. “ಸತ್ತಿದ್ದು ಹುಲ್ಲು ಕಣಮ್ಮಾ!” ಎಂದು ಮಗಳಿಗೆ ಹೇಳಿದರು. “ನನ್ನ ಕಾಲಲ್ಲ!” ಅರವತ್ತು ವರ್ಷ ಹುಲ್ಲಿಗಾಗಿ ಬದುಕಿದ ಮನುಷ್ಯ ಹುಲ್ಲು ಸತ್ತದ್ದಕ್ಕೆ ಹೀಗೆ ನಕ್ಕದ್ದನ್ನು ನೋಡಿ ಹುಲ್ಲಪ್ಪನಿಗೆ ಇನ್ನಷ್ಟು ಭಯವಾಯಿತು.

ಭಯ ಸರಿಯಾಗಿಯೇ ಇತ್ತು. ನಗು ನಿಂತ ಮೇಲೆ ಮಾವ ಅವನ ಕಡೆ ತಿರುಗಿದರು. ಮನೆಯೊಳಗಿದ್ದರೂ ಬಹುವಚನ ಬರಲಿಲ್ಲ.

“ಕ್ಯಾನು ತಪ್ಪಿದ್ದು ಯಾರಿಗಾದ್ರೂ ತಪ್ಪಬಹುದು. ನನಗೂ ತಪ್ಪಬಹುದಿತ್ತು. ಶುಕ್ರವಾರ ಏನು ಮಾಡ್ದೆ ನೀನು? ನನ್ನ ಕಾಲಿಗೆ ಗೊತ್ತಾಗಿದ್ದನ್ನ ಸುಳ್ಳು ಅಂತ ನನ್ನ ಕೈಲೇ ಒಪ್ಪಿಸ್ದೆ. ಮೂರು ದಿನ ನಾನು ನನ್ನ ಅಣ್ಣನ ಕಾಲನ್ನೇ ಕಣ್ಮುಂದೆ ಇಟ್ಕೊಂಡು ಕೂತಿದ್ದೆ ಕಣೋ. ಎದ್ದೇಳು. ಆಫೀಸಿಗೆ ಹೋಗು. ನಾನು ಬರಲ್ಲ ಜೊತೆಗೆ. ನಿನ್ನ ಬಾಯಿ, ನೀನೇ ಬಿಡು.”

ಹೆಂಡತಿ ಕಾರ್ಯದರ್ಶಿಯ ಬಾಗಿಲ ತನಕ ಬಂದಳು, ಬಹುಶಃ ಅವನು ಅರ್ಧ ದಾರಿಯಲ್ಲಿ ತಿರುಗಿ ಓಡದಿರಲೆಂದು. ಒಳಗೆ ಹುಲ್ಲಪ್ಪ ನಿಂತೇ ಹೇಳಿದ. ಕಾರ್ಯದರ್ಶಿ ಕೂಗಾಡಲಿಲ್ಲ. ಕೂಗಾಡಿದ್ದರೇ ವಾಸಿಯಿತ್ತು.

“ಪಂದ್ಯ ಎರಡನೇ ಕೋರ್ಟಿಗೆ ಹಾಕ್ತೀನಿ,” ಅಂದರು. “ಕೆಟ್ಟ ಹುಲ್ಲು, ಅದರಡಿ ಮಣ್ಣು, ಎಲ್ಲ ಈ ವಾರವೇ ಅಗೆದು ತೆಗೀರಿ. ನಾಲ್ಕನೇ ಕೋರ್ಟಿನ ಅಂಚಿಂದ ಹುಲ್ಲು ಎತ್ತಿ ಕೂರಿಸಿ. ತಿಂಗಳ ಕೊನೆಗೆ ಸಮಿತಿಯವರು ಬಂದು ನೋಡ್ತಾರೆ. ಸುತ್ತಮುತ್ತ ಒಂದು ಗೇಣು ಹಳದಿ ಕಂಡ್ರೂ ನಾನು ನಿಮ್ಮ ಪರ ಮಾತಾಡಲ್ಲ.” ಪ್ಲಾಸ್ಟಿಕ್ ತುಂಡನ್ನು ಎತ್ತಿ, ಅದರಡಿಯ ಕಾಗದ ತೆಗೆದುಕೊಂಡು, ಮತ್ತೆ ಮೊದಲಿನ ಜಾಗದಲ್ಲೇ ಇಟ್ಟರು. “ಎಷ್ಟು ದೂರ ಹರಡಿದೆ ವಿಷ?”

ಅದೇ ಹುಲ್ಲಪ್ಪನಿಗೆ ಗೊತ್ತಿರಲಿಲ್ಲ. ಎರಡು ಗಂಟೆ ಬಿಟ್ಟ ನೀರು ಅದನ್ನು ಎಲ್ಲೆಲ್ಲಿಗೆ ಒಯ್ದಿತ್ತೋ. ಕಡಿಮೆ ಅಗೆದರೆ ವಿಷ ಉಳಿದು ಹೊಸ ಹುಲ್ಲನ್ನೂ ತಿನ್ನುತ್ತದೆ. ಇಡೀ ಅರ್ಧ ಕೋರ್ಟು ಅಗೆದರೆ ಅಷ್ಟು ಹುಲ್ಲು ತರುವುದೆಲ್ಲಿಂದ? ಹಳದಿ ಕಾಣುವವರೆಗೆ ಕಾಯಲು ದಿನಗಳಿರಲಿಲ್ಲ.

ಹೊರಗೆ ಬಂದಾಗ ಮಾವ ಬಲೆಯ ಕಂಬ ಹಿಡಿದು ಬರಿಗಾಲಲ್ಲಿ ನಿಂತಿದ್ದರು.

“ಗೂಟ ತಂದ್ಯಾ?” ಅಂದರು.

ಶೆಡ್ಡಿಗೆ ಓಡಿ ಒಂದು ಕಂತೆ ಮರದ ಗೂಟ, ಒಂದು ಸುತ್ತಿಗೆ ತಂದ. ಮಾವ ನಡೆಯತೊಡಗಿದರು, ಒಂದೊಂದು ಹೆಜ್ಜೆಗೂ ನಿಂತು, ಹಿಮ್ಮಡಿ ಊರಿ, ಬೆರಳು ಬಿಡಿಸಿ. ಅವರು ನಿಂತು, ಇಲ್ಲೂ ವಿಷವಿದೆ ಎಂದು ತಲೆಯಾಡಿಸಿದ ಕಡೆಯೆಲ್ಲ ಹುಲ್ಲಪ್ಪ ಮೊಣಕಾಲಲ್ಲಿ ತೆವಳಿ ಬಂದು, ಅವರ ಹೆಬ್ಬೆರಳ ಮುಂದೆ ಗೂಟ ಹೊಡೆಯುತ್ತಿದ್ದ. ಹಳದಿಯಾದ ಮೂಲೆ ದಾಟಿತು. ಮಾಸಲು ಹಸಿರಿನ ಪಟ್ಟಿ ದಾಟಿತು. ಹುಲ್ಲಪ್ಪನ ಕಣ್ಣಿಗೆ ಎಲ್ಲ ನಿಚ್ಚಳ ಹಸಿರು ಕಾಣುವ ಜಾಗಕ್ಕೆ ಬಂದರೂ ಮಾವ ತಿರುಗಲಿಲ್ಲ, ಮುಂದೆಯೇ ಹೋದರು. ಇನ್ನೊಂದು ಹೆಜ್ಜೆ. ಇನ್ನೊಂದು. ಗೆರೆ ಹೀಗೆ ಬೆಳೆಯುತ್ತ ಹೋದರೆ ನಾಲ್ಕನೇ ಕೋರ್ಟಿನ ಹುಲ್ಲು ಸಾಲುವುದಿಲ್ಲ, ತಿಂಗಳ ಕೊನೆಗೆ ಮುಗಿಯುವುದಿಲ್ಲ, ಮನೆ ಹೋಗುತ್ತದೆ ಎಂದೆಲ್ಲ ಹುಲ್ಲಪ್ಪ ಲೆಕ್ಕ ಹಾಕಿದ.

“ಮಾವ,” ಅಂದ ಮೆಲ್ಲಗೆ, “ಇಲ್ಲಿ ಹಸಿರಾಗಿ...”

ಮಾವ ನಿಂತರು. ತಿರುಗಿ ನೋಡಲಿಲ್ಲ.

“ಆ ಮಾತು ನನಗೆ ಇನ್ನೊಂದು ಸಲ ಹೇಳ್ಬೇಡ,” ಅಂದರು.

ಹುಲ್ಲಪ್ಪ ಅವರ ಕಾಲು ಇದ್ದಲ್ಲಿಗೆ ತೆವಳಿ ಹೋಗಿ ಗೂಟ ಹೊಡೆದ.